‘ಬಿಡ್ತೇನ್ರಿ’ ಅಂದದ್ದರ ಅರ್ಥ

ಸ್ವೀಡಿಷ್‌ನಲ್ಲಿ ‘ಉತ್‌ಮೇಟ್ನಿಂಗ್’ ಎಂಬ ಒಂದು ಪದವಿದೆ. ಬಾಕಿ ಉಳಿಸಿಕೊಂಡವರ ಆಸ್ತಿಯ ಮೇಲೆ ಸರ್ಕಾರ ಕೈಯಿಟ್ಟು, ಬಾಕಿ ತೀರುವವರೆಗೆ ಅದನ್ನು ಮಾರದಂತೆ, ಅಡವಿಡದಂತೆ ಕಟ್ಟಿಹಾಕುವುದಕ್ಕೆ ಹಾಗೆನ್ನುತ್ತಾರೆ. ನಿಘಂಟು ತೆಗೆದರೆ ಕನ್ನಡದಲ್ಲಿ ‘ಜಪ್ತಿ’ ಎಂದು ಸಿಗುತ್ತದೆ. ತಪ್ಪೇನಲ್ಲ. ಆದರೆ ಜಪ್ತಿ ಎಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಕೋರ್ಟಿನ ಅಮೀನ, ಬಾಗಿಲಲ್ಲಿ ನಿಂತ ಪೊಲೀಸು, ಬೀದಿಗೆ ಬಂದ ಪಾತ್ರೆಪಗಡ. ಇಲ್ಲಿ ಮೊದಲ ಹಂತದಲ್ಲಿ ಹಾಗೇನೂ ಆಗುವುದಿಲ್ಲ. ಮನೆಯಲ್ಲಿದ್ದವರು ಮನೆಯಲ್ಲೇ ಇರುತ್ತಾರೆ. ಕಾಗದದ ಮೇಲೆ ಮಾತ್ರ ಮನೆಗೆ ಒಂದು ಗಂಟು ಬಿದ್ದಿರುತ್ತದೆ.

ಓರೆಬ್ರೂ ಎಂಬ ಊರಿನ ಒಂದು ಕೆಲಸ ಒಪ್ಪಿಕೊಂಡ ಮೇಲೆ ವಾರವಿಡೀ ನನ್ನ ತಲೆಯಲ್ಲಿ ಇದೇ ಪದ. ನಾನು ದುಭಾಷಿ. ಕನ್ನಡದ ಕೆಲಸ ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತದೆ. ಬಂದರೂ ಹೆಚ್ಚಿನವು ಆಸ್ಪತ್ರೆಯವು. ಬಾಕಿ ವಸೂಲಿ ಮಾಡುವ ಸರ್ಕಾರಿ ಕಚೇರಿಯಿಂದ ಕನ್ನಡಕ್ಕೆ ಕರೆ ಬಂದದ್ದು ಅದೇ ಮೊದಲು. ದುಭಾಷಿಗಳನ್ನು ಒದಗಿಸುವ ಏಜೆನ್ಸಿಯವರು ಕಳಿಸಿದ ಮಾಹಿತಿ ಎರಡೇ ಸಾಲು: ವಿಚ್ಛೇದಿತ ದಂಪತಿ, ಮಗುವಿನ ಜೀವನಾಂಶದ ಬಾಕಿ, ತಂದೆಯ ಫ್ಲ್ಯಾಟಿನ ಮೇಲೆ ಉತ್‌ಮೇಟ್ನಿಂಗ್ ಆಗಿದೆ, ಮುಂದೇನು ಎಂಬ ಮಾತುಕತೆ. ತಾಯಿಗೆ ಮಾತ್ರ ದುಭಾಷಿ ಬೇಕು.

ಕಾನೂನನ್ನು ಓದಿಕೊಂಡೆ. ಅನುವಾದಿಸುವವರಿಗೆ ಅದು ಅರ್ಥವಾಗಿರದಿದ್ದರೆ ಬಾಯಿಂದ ಬರೀ ಪದಗಳು ಉದುರುತ್ತವೆ. ಇಲ್ಲಿ ಪ್ರತಿ ತಿಂಗಳ ಜೀವನಾಂಶದ ಬಾಕಿಗೂ ಐದು ವರ್ಷದ ಆಯುಷ್ಯ. ಐದು ವರ್ಷ ದಾಟಿದರೆ ಆ ತಿಂಗಳಿನದು ಸತ್ತಹಾಗೆ, ಕೇಳುವ ಹಕ್ಕಿಲ್ಲ. ಅಷ್ಟರೊಳಗೆ ಯಾವುದಾದರೂ ಆಸ್ತಿಯ ಮೇಲೆ ಜಪ್ತಿ ಬಿದ್ದಿದ್ದರೆ ಮಾತ್ರ, ಅವಧಿ ಮುಗಿದ ಮೇಲೂ ಆ ಆಸ್ತಿಯಿಂದ ಅದನ್ನು ಪಡೆಯಬಹುದು. ಹಾಗಂತ ಜಪ್ತಿಯೂ ಶಾಶ್ವತವಲ್ಲ. ಜಪ್ತಿಯ ಮುಂದಿನ ಹೆಜ್ಜೆಯಾದ ಮಾರಾಟವನ್ನು ಸ್ವಲ್ಪ ಕಾಲ ತಡೆಹಿಡಿಯಲು ಅರ್ಜಿದಾರರು, ಎಂದರೆ ಬಾಕಿ ಕೇಳಿದವರು, ಒಪ್ಪಬಹುದು, ಸಾಮಾನ್ಯವಾಗಿ ಆರು ತಿಂಗಳವರೆಗೆ. ಅದಕ್ಕೂ ಹೆಚ್ಚು ಎಳೆದರೆ ಜಪ್ತಿಯೇ ಬಿದ್ದುಹೋಗುವ ಅಪಾಯ. ಅರ್ಜಿಯನ್ನೇ ವಾಪಸ್ ಪಡೆದರಂತೂ ಅಂದೇ ಮುಗಿಯಿತು.

ಕೊನೆಗೆ ತೀರ್ಮಾನಿಸಿದೆ: ಜಪ್ತಿ ಎಂದೇ ಹೇಳುವುದು, ತಾಯಿ ಬೆದರಿದಂತೆ ಕಂಡರೆ ಅಧಿಕಾರಿಗೆ ತಿಳಿಸುವುದು. ನಾನಾಗಿಯೇ ಸಮಾಧಾನದ ವಿವರಣೆ ಸೇರಿಸುವಂತಿಲ್ಲ. ಅದು ನನ್ನ ಕೆಲಸವಲ್ಲ.

ಆ ದಿನ ಹಿಮ ಕರಗಿ ಫುಟ್‌ಪಾತೆಲ್ಲ ರಾಡಿಯಾಗಿತ್ತು. ಕಚೇರಿಯ ಕಾರಿಡಾರಿನಲ್ಲಿ ದಪ್ಪ ಜಾಕೆಟ್ಟಿನ ಒಬ್ಬ ಹೆಂಗಸು ಕೂತಿದ್ದರು. ಕತ್ತಿನ ಐಡಿ ಕಾರ್ಡು ತೆಗೆದಿರಲಿಲ್ಲ. ಯಾವುದೋ ಶಾಲೆಯ ಅಡುಗೆಮನೆಯಿಂದ ನೇರ ಬಂದಿದ್ದರು. ನನ್ನನ್ನು ನೋಡಿದವರೇ ಎದ್ದು ಬಂದರು.

“ಅಕ್ಕಾರ, ಕನ್ನಡದವ್ರು ಬರ್ತಾರ ಅಂದಿದ್ರು. ನೀವೇನ್ರಿ?”

“ಹೌದು ಮೇಡಂ. ಒಳಗೆ ಹೋದಮೇಲೆ ಮಾತಾಡೋಣ.”

“ಅಲ್ರಿ, ಒಂದ ಮಾತು ಕೇಳೂದಿತ್ತು…”

“ಒಳಗೆ ಕೇಳಿ. ಎಲ್ಲರ ಎದುರಿಗೇ ಹೇಳ್ತೀನಿ.”

ಅವರ ಮುಖ ಇಳಿದುಹೋಯಿತು. ನನಗೂ ಹಿಂಸೆ. ಒಂದು ಪಕ್ಷದವರ ಜೊತೆ ಮೊದಲೇ ಮಾತಿಗೆ ಕೂತರೆ ಇನ್ನೊಂದು ಪಕ್ಷಕ್ಕೆ ನಾನು ಆಗಲೇ ಅವರ ಕಡೆಯವಳು. ಕಾಫಿ ಮೆಷೀನಿನ ಹತ್ತಿರ ಹೋಗಿ ಗೋಡೆಯ ಸೂಚನಾಫಲಕ ಓದುತ್ತ ನಿಂತೆ. ಒಂದು ವಿಷಯ ಮಾತ್ರ ಆ ಎರಡು ಮಾತಿನಲ್ಲೇ ಗೊತ್ತಾಗಿತ್ತು. ಆಕೆ ಹಾವೇರಿ ಕಡೆಯವರು. ನಾನು ತುಮಕೂರಿನವಳು. ಸ್ವೀಡನ್ನಿನ ಕನ್ನಡ ಕೂಟಗಳಲ್ಲಿ ಎಲ್ಲರೂ ಬೆಂಗಳೂರಿನ ಭಾಷೆ ಆಡುವುದರಿಂದ ಈ ಅಂತರ ಮರೆತೇಹೋಗಿರುತ್ತದೆ. ಆತಂಕದಲ್ಲಿರುವ ಮನುಷ್ಯರು ಮಾತ್ರ ಮನೆಯ ಭಾಷೆಯನ್ನೇ ಆಡುತ್ತಾರೆ.

ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಗಂಡಸರೊಬ್ಬರು ಬಂದರು. ಸೋಡರ್‌ಟೆಲ್ಯೆಯಿಂದ ಬಂದ ರೈಲು ತಡವಾಯಿತೆಂದು ಸ್ವಾಗತದವರಿಗೆ ನಿರರ್ಗಳ ಸ್ವೀಡಿಷ್‌ನಲ್ಲಿ ಹೇಳುತ್ತಿದ್ದರು. ತಿರುಗಿದಾಗ ಗುರುತಾಯಿತು. ಕನ್ನಡ ಕೂಟದ ಗಣೇಶನ ಹಬ್ಬದಲ್ಲಿ ಮೈಕು, ಸ್ಪೀಕರು ಎಂದು ಓಡಾಡುತ್ತಿದ್ದವರು. ಅವರಿಗೂ ನನ್ನ ಗುರುತು ಸಿಕ್ಕಿತು.

“ಓ, ನೀವಾ ಮೇಡಂ. ಒಳ್ಳೇದಾಯ್ತು, ನಮ್ಮವರೇ ಇದ್ದೀರ” ಎಂದು ನಕ್ಕರು.

ಮಗುವಿನ ತಂದೆ ಇವರೇ. ಕೂತಿದ್ದ ಹೆಂಗಸಿನ ಕಡೆ ನೋಡಿದೆ. ಅವರು ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಳ್ಳುತ್ತಿದ್ದರು.

ಕೋಣೆಯಲ್ಲಿ ಕೂತ ಕೂಡಲೇ ಅಧಿಕಾರಿಗೆ ಹೇಳಿದೆ: ತಂದೆಯವರನ್ನು ಸಾರ್ವಜನಿಕ ಸಮಾರಂಭಗಳಲ್ಲಿ ನೋಡಿದ್ದೇನೆ, ಸ್ನೇಹವಿಲ್ಲ, ಮನೆಗೆ ಹೋಗಿಬಂದಿಲ್ಲ; ಯಾರಿಗಾದರೂ ಅಭ್ಯಂತರವಿದ್ದರೆ ಬೇರೆ ದುಭಾಷಿಯನ್ನು ಕರೆಸಬಹುದು. ಅದನ್ನೇ ಕನ್ನಡದಲ್ಲೂ ಹೇಳಿದೆ. ಅಧಿಕಾರಿ ಐವತ್ತರ ಹತ್ತಿರದ ಹೆಂಗಸು, ಅವಸರವಿಲ್ಲದ ದನಿ. ಒಬ್ಬೊಬ್ಬರನ್ನೇ ಕೇಳಿದರು. ತಂದೆಗೆ ಅಭ್ಯಂತರವಿರಲಿಲ್ಲ. ತಾಯಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು.

“ಬ್ಯಾರೆಯವ್ರನ್ನ ಕರೀಲಿಕ್ಕೆ ಎಷ್ಟ ದಿವ್ಸ ಆಗ್ತದ್ರಿ?”

ವಾರಗಳೇ ಆಗಬಹುದು ಎಂದರು ಅಧಿಕಾರಿ.

“ಹಂಗಾರ ಇವ್ರ ಇರ್ಲಿ.”

ಒಪ್ಪಿದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ, ಇನ್ನೊಂದು ದಿನ ರಜೆ ಸಿಗುವುದಿಲ್ಲ ಎಂಬುದರಿಂದ. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಪ್ರತಿ ಕೆಲಸದ ಆರಂಭದಲ್ಲಿ ಹೇಳುವ ನಿಯಮಗಳನ್ನು ಎರಡೂ ಭಾಷೆಯಲ್ಲಿ ಹೇಳಿದೆ. ನಾನು ‘ನಾನು’ ಎಂದರೆ ಅದು ಮಾತಾಡಿದವರೇ ಹೊರತು ನಾನಲ್ಲ. ನನ್ನ ಬಗ್ಗೆ ಹೇಳುವಾಗ ‘ದುಭಾಷಿ’ ಎನ್ನುತ್ತೇನೆ. ಕೇಳಿದ್ದು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಈ ಕೋಣೆಯಲ್ಲಿ ಯಾರು ಏನು ಆಡಿದರೂ, ಯಾವ ಭಾಷೆಯಲ್ಲಿ ಆಡಿದರೂ, ಅದು ಇನ್ನೊಂದು ಭಾಷೆಗೆ ಹೋಗುತ್ತದೆ. ತಂದೆ ಫೋನು ನೋಡುತ್ತ ತಲೆಯಾಡಿಸಿದರು. ಇದನ್ನು ಹೆಚ್ಚಿನವರು ವಿಮಾನದಲ್ಲಿ ಸೀಟ್‌ಬೆಲ್ಟಿನ ಸೂಚನೆ ಕೇಳಿದ ಹಾಗೆ ಕೇಳುತ್ತಾರೆ.

ಅಧಿಕಾರಿ ವಿಷಯ ಬಿಡಿಸಿಟ್ಟರು. ವಾಕ್ಯಗಳು ಉದ್ದ, ಒಂದರೊಳಗೊಂದು. ಎರಡು ಸಲ ಕೈಯೆತ್ತಿ ನಿಲ್ಲಿಸಿದೆ. ಐದು ವರ್ಷದ ಮಿತಿ, ಜಪ್ತಿ, ಮಾರಾಟ, ಕಾಲಾವಕಾಶ ಎಲ್ಲವನ್ನೂ ಕನ್ನಡಕ್ಕೆ ದಾಟಿಸಿದೆ. ತಾಯಿ ಪ್ರತಿ ವಾಕ್ಯಕ್ಕೂ “ಹ್ಞೂಂ ರಿ, ಹ್ಞೂಂ ರಿ” ಎನ್ನುತ್ತಿದ್ದರು. ಆ ‘ಹ್ಞೂಂ’ ನನಗೆ ಗೊತ್ತು. ಅರ್ಥವಾದವರು ನಡುವೆ ಒಮ್ಮೆಯಾದರೂ ತಡೆಯುತ್ತಾರೆ. ಜಪ್ತಿ ಎಂಬ ಪದ ಬಂದಾಗಲೆಲ್ಲ ಅವರ ಕೈ ಮೇಜಿನ ಅಂಚನ್ನು ಹಿಡಿಯುತ್ತಿತ್ತು.

ಸ್ವೀಡಿಷ್‌ನಲ್ಲಿ ಹೇಳಿದೆ: “ಉತ್‌ಮೇಟ್ನಿಂಗ್ ಎಂಬುದು ತಲುಪಿಲ್ಲವೇನೋ ಎಂದು ದುಭಾಷಿಗೆ ಅನುಮಾನ. ಕನ್ನಡದ ಪದಕ್ಕೆ ಮನೆಯಿಂದ ಹೊರಹಾಕುವ ಅರ್ಥವೂ ಅಂಟಿಕೊಂಡಿದೆ.” ನಾನು ಹಾಗೆ ಹೇಳಿದೆನೆಂದು ಆಕೆಗೂ ತಿಳಿಸಿದೆ.

ಅಧಿಕಾರಿ ಪೆನ್ನು ಕೆಳಗಿಟ್ಟು ಮತ್ತೆ ಶುರುಮಾಡಿದರು, ಈ ಸಲ ಚಿಕ್ಕಚಿಕ್ಕ ಮಾತುಗಳಲ್ಲಿ. ಫ್ಲ್ಯಾಟಿನಲ್ಲಿ ಇವರು ವಾಸವಾಗಿದ್ದಾರೆ, ಈಗ ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಅದನ್ನು ನಮ್ಮ ಕಣ್ಣುತಪ್ಪಿಸಿ ಮಾರಲು ಆಗದು. ಜಪ್ತಿ ಇರುವವರೆಗೂ ಐದು ವರ್ಷದ ಹಿಂದಿನ ತಿಂಗಳುಗಳೂ ಉಳಿದಿರುತ್ತವೆ. ಜಪ್ತಿ ಹೋದರೆ ಹಳೆಯ ತಿಂಗಳುಗಳು ಹೋಗುತ್ತವೆ, ಮತ್ತೆ ಹುಟ್ಟುವುದಿಲ್ಲ.

ತಾಯಿ ಮೊದಲ ಬಾರಿಗೆ ತಡೆದರು.

“ಒಂದ ಮಾತು ಕೇಳ್ತೇನ್ರಿ. ಐದು ವರ್ಷ ಆದ್ರ ಮಗಳು ಉಂಡದ್ದು, ಉಟ್ಟದ್ದು ಸುಳ್ಳಾಗ್ತದೇನ್ರಿ? ಶಾಲಿಗೆ ಹೋಗೂ ಮುಂದ ಬೂಟ್ ಕೊಡಿಸಿದ್ದು ನಾ. ಅದಕ್ಕ ಯಾಕ್ರಿ ವರ್ಷದ ಲೆಕ್ಕ?”

ನಾನು ಅದನ್ನು ಹಾಗೆಯೇ ದಾಟಿಸಿದೆ, ಬೂಟು ಸಹಿತ. ಅಧಿಕಾರಿ ಹೇಳಿದರು: “ಜೀವನಾಂಶ ಆಯಾ ಕಾಲದ ಬದುಕಿಗೆ ಎಂದು ಕಾನೂನಿನ ಆಶಯ. ಬಹಳ ಕಾಲ ಕೇಳದೆ ಬಿಟ್ಟರೆ, ಕೊಡಬೇಕಾದವನ ಮೇಲೆ ಅದು ಬೆಟ್ಟವಾಗಿ ಬೆಳೆಯಬಾರದು ಎಂದೂ ಇದೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಕಾನೂನನ್ನು ನಾನು ಬರೆಯುವುದಿಲ್ಲ.”

ಮುಂದಿನ ಮಾತು ತಂದೆಯದು. ಅವರು ಸ್ವೀಡಿಷ್‌ನಲ್ಲಿ ಅಧಿಕಾರಿಯ ಜೊತೆ ಮಾತಾಡುತ್ತಿದ್ದರು, ನಾನು ತಾಯಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅದನ್ನು ಅವರ ಕಿವಿಗೆ ಪಿಸುದನಿಯಲ್ಲಿ ಕನ್ನಡಿಸುತ್ತಿದ್ದೆ. ಇಂಥ ಅನುವಾದದಲ್ಲಿ ಕೇಳುವುದೂ ಹೇಳುವುದೂ ಏಕಕಾಲಕ್ಕೆ. ಸ್ವಲ್ಪ ಹೊತ್ತಿಗೇ ಬೆನ್ನು ಬೆವರುತ್ತದೆ. ಅದೂ ಗಂಡಸಿನ ನೋವನ್ನು ‘ನಾನು’ ಎಂದು ಅವರ ಹೆಂಡತಿಯಾಗಿದ್ದವರ ಕಿವಿಯಲ್ಲಿ ಹೇಳುವುದು.

“ನಾನು ಕೊಡೋದಿಲ್ಲ ಅಂತ ಯಾವತ್ತೂ ಹೇಳಿಲ್ಲ. ಟ್ರಕ್ ಫ್ಯಾಕ್ಟರಿಯ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಿದೆ. ನಡೆಯಲಿಲ್ಲ. ಎರಡು ವರ್ಷ ನನಗೇ ಸಂಬಳ ತಗೊಳ್ಳಲಿಲ್ಲ. ಈಗ ಬ್ಯಾಂಕಿಗೆ ಹೋದರೆ ಫ್ಲ್ಯಾಟಿನ ಮೇಲೆ ಜಪ್ತಿ ಇದೆ ಎಂದು ಸಾಲ ಕೊಡುವುದಿಲ್ಲ. ಜಪ್ತಿ ಹೋಗಬೇಕಾದರೆ ಬಾಕಿ ಕಟ್ಟಬೇಕು. ಬಾಕಿ ಕಟ್ಟಬೇಕಾದರೆ ಸಾಲ ಬೇಕು. ಹೀಗೆ ಎಷ್ಟು ದಿನ ಅಂತ ಕೂತಿರಲಿ? ಮಗಳು ವಾರ ಬಿಟ್ಟು ವಾರ ಶನಿವಾರ ಭಾನುವಾರ ಬರುತ್ತಾಳೆ. ಅವಳಿಗೆ ಅಲ್ಲಿ ಒಂದು ರೂಮಿದೆ. ಗೋಡೆಗೆ ಬಣ್ಣ ಅವಳೇ ಆರಿಸಿದ್ದು. ಅದನ್ನು ಹರಾಜು ಹಾಕುತ್ತೀರಾ?”

ಆತ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ತಾಯಿಗೂ ಅನ್ನಿಸಿರಲಿಕ್ಕಿಲ್ಲ. ರೂಮಿನ ಮಾತು ಬಂದಾಗ ಕಣ್ಣು ಒರೆಸಿಕೊಂಡರು.

ಅಧಿಕಾರಿ ಮೂರು ದಾರಿ ಮುಂದಿಟ್ಟರು. ಮಾರಾಟ ಮುಂದುವರಿಸುವುದು. ಜಪ್ತಿ ಹಾಗೇ ಇಟ್ಟುಕೊಂಡು, ಕಾನೂನು ಬಿಡುವಷ್ಟು ಕಾಲ ಮಾರಾಟ ತಡೆಯುವುದು. ಅಥವಾ ಅರ್ಜಿ ವಾಪಸ್ ಪಡೆಯುವುದು. “ನೀವು ಯೋಚಿಸಿ. ನಾನು ಸಲಹೆ ಕೊಡುವಂತಿಲ್ಲ” ಎಂದು, ಪರದೆಯ ಮೇಲೆ ಏನನ್ನೋ ಹುಡುಕಲು ತಿರುಗಿದರು.

ಆಗ ತಂದೆ ಮೇಜಿನ ಮೇಲೆ ಸ್ವಲ್ಪ ಬಾಗಿ ಕನ್ನಡದಲ್ಲಿ, ಮೆತ್ತಗೆ ಹೇಳಿದರು.

“ನೋಡು, ಸುಮ್ನೆ ವಾಪಸ್ ತಗೋತೀನಿ ಅನ್ನು. ಅಷ್ಟೇ ಸಾಕು. ಇದೊಂದು ಕ್ಲಿಯರ್ ಆದ್ರೆ ಲೋನ್ ಆಗುತ್ತೆ, ನಾನೇ ಎಲ್ಲ ಸೆಟಲ್ ಮಾಡ್ತೀನಿ. ಇವರಿಗೆಲ್ಲ ಹೇಳೋದೇನೂ ಬೇಡ. ಇಲ್ಲಾಂದ್ರೆ ಪಾಪು ರೂಮೂ ಹೋಗುತ್ತೆ. ಅವಳು ನಾಳೆ ನಿನ್ನನ್ನೇ ಕೇಳ್ತಾಳೆ.”

ಅಧಿಕಾರಿ ಪರದೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಅವರಿಗೆ ಕೇಳಿದ್ದು ದನಿ ಮಾತ್ರ.

ಈ ಘಳಿಗೆಗೇ ಆ ನಿಯಮ ಇರುವುದು. ಪಾಲಿಸುವುದು ಅಷ್ಟು ಸುಲಭವಲ್ಲ. ಆ ಮಾತಿನಲ್ಲಿ ಒಂದು ಮನೆಯ ಒಳಗಿನ ಸಲಿಗೆಯಿತ್ತು. ನಾನು ಅದನ್ನು ಸ್ವೀಡಿಷ್‌ನಲ್ಲಿ ಹೇಳತೊಡಗಿದೆ, ಉತ್ತಮ ಪುರುಷದಲ್ಲೇ, ಒಂದು ಪದವೂ ಬಿಡದೆ. ‘ಇವರಿಗೆಲ್ಲ ಹೇಳೋದೇನೂ ಬೇಡ’ ಎಂಬುದನ್ನೂ.

ಅವರ ಮುಖ ಕೆಂಪಾಯಿತು. “ಮೇಡಂ, ಅದು ಪರ್ಸನಲ್. ಅದನ್ನ ಯಾಕೆ ಹೇಳಿದ್ರಿ?”

ಅದನ್ನೂ ಸ್ವೀಡಿಷ್‌ಗೆ ದಾಟಿಸಿದೆ.

“ಇದನ್ನೂ ಹೇಳ್ತೀರಾ?”

ಅದನ್ನೂ ಹೇಳಿದೆ. ತಾಯಿ ತಲೆ ತಗ್ಗಿಸಿದ್ದರು. ಅಧಿಕಾರಿ ಶಾಂತವಾಗಿಯೇ ಹೇಳಿದರು: “ಈ ಕೋಣೆಯಲ್ಲಿ ಆಡಿದ್ದೆಲ್ಲ ನನಗೂ ಅರ್ಥವಾಗಬೇಕು. ಒಂದನ್ನು ಸ್ಪಷ್ಟಪಡಿಸುತ್ತೇನೆ. ಬ್ಯಾಂಕಿನಿಂದ ಸಾಲ ಪಡೆಯಲು ಅರ್ಜಿ ವಾಪಸ್ ಆಗಲೇಬೇಕೆಂದಿಲ್ಲ. ಬ್ಯಾಂಕು ಹಣವನ್ನು ನೇರ ನಮಗೆ ಕಟ್ಟಿ, ನಾವು ಅದೇ ದಿನ ಜಪ್ತಿ ತೆಗೆಯುವ ಪದ್ಧತಿ ಇದೆ. ಬ್ಯಾಂಕು ಒಪ್ಪಬೇಕು, ಅಷ್ಟೆ. ಈಗ ಅರ್ಜಿದಾರರು ಏನು ಹೇಳುತ್ತಾರೆ?”

ಅದನ್ನು ಕನ್ನಡಕ್ಕೆ ದಾಟಿಸಿದೆ. ಹೊರಗೆ ಹಿಮದ ರಾಡಿ ಸರಿಸುವ ಗಾಡಿ ಗರಗರ ಹೋಯಿತು. ಆಮೇಲೆ ತಾಯಿ, ಯಾರನ್ನೂ ನೋಡದೆ, ಒಂದೇ ಉಸಿರಿಗೆ ಅಂದರು:

“ಬಿಟ್ಟಬಿಡ್ತೇನ್ರಿ ಸದ್ಯಕ್ಕ.”

ತಂದೆ ತಕ್ಷಣ ಸ್ವೀಡಿಷ್‌ನಲ್ಲಿ ಅಧಿಕಾರಿಗೆ ಹೇಳಿದರು: “ಕೇಳಿದಿರಲ್ಲ. ವಾಪಸ್ ತೆಗೆದುಕೊಳ್ಳುತ್ತೇನೆ ಎಂದಳು.”

ಅಧಿಕಾರಿಯ ಕೈ ಕೀಬೋರ್ಡಿನ ಮೇಲಿತ್ತು. ಕಣ್ಣು ನನ್ನ ಮೇಲೆ.

ನನ್ನ ಬಾಯಿಯಲ್ಲಿ ಆಗಲೇ ಒಂದು ಸ್ವೀಡಿಷ್ ವಾಕ್ಯ ತಯಾರಾಗಿತ್ತು. ತುಮಕೂರಿನ ನನ್ನ ಕಿವಿಗೆ ‘ಬಿಟ್ಟುಬಿಡ್ತೀನಿ’ ಎಂದರೆ ಕೈಬಿಡುತ್ತೇನೆ, ನನಗೆ ಬೇಡ, ಮುಗಿಯಿತು. ಆದರೆ ‘ಸದ್ಯಕ್ಕ’ ಎಂಬುದೊಂದು ಹಿಂದೆ ಅಂಟಿಕೊಂಡಿತ್ತು. ಸದ್ಯಕ್ಕೆ ಎಂದವರು ಮುಗಿಸಿದ್ದಾರೆಯೇ? ಅವರು ಬಿಡುತ್ತೇನೆ ಎಂದದ್ದು ಏನನ್ನು? ಅರ್ಜಿಯನ್ನೋ, ಈಗಿನ ಮಾರಾಟವನ್ನೋ, ಗಂಡನಾಗಿದ್ದವನನ್ನು ಕಾಡುವುದನ್ನೋ? ಬಿಡು ಎಂಬುದು ನಮ್ಮಲ್ಲಿ ಎಷ್ಟೊಂದು ಕೆಲಸ ಮಾಡುತ್ತದೆ. ಬಸ್ಸು ಬಿಡುತ್ತೇವೆ, ಹಾಲು ಬಿಡುತ್ತೇವೆ, ಹೂವು ಬಿಡುತ್ತದೆ, ಹಠ ಬಿಡುತ್ತೇವೆ. ಸ್ವೀಡಿಷ್‌ನಲ್ಲಿ ಈ ಮೇಜಿನ ಮೇಲೆ ಎರಡೇ ಪದ: ಒಂದು ಅರ್ಜಿ ಹಿಂಪಡೆಯುವುದಕ್ಕೆ, ಇನ್ನೊಂದು ಕಾಲಾವಕಾಶಕ್ಕೆ. ಎರಡರ ನಡುವೆ ನಿಲ್ಲುವ ಪದವಿಲ್ಲ. ನಾನು ಯಾವುದನ್ನು ಹೇಳುತ್ತೇನೋ ಅದು ಪರದೆಯ ಮೇಲೆ ಬೀಳುತ್ತದೆ. ಆಕೆಗೆ ಆ ಪದ ಓದಲೂ ಬರುವುದಿಲ್ಲ.

ತಂದೆ ಹೇಳಿದ ಅರ್ಥವನ್ನು ಹೇಳಿದರೆ ಯಾರೂ ನನ್ನನ್ನು ತಪ್ಪು ಎನ್ನುವುದಿಲ್ಲ. ನಿಘಂಟು ನನ್ನ ಕಡೆಗಿದೆ. ಇನ್ನೊಂದು ಅರ್ಥ ಹೇಳಿದರೆ ನಾನು ಆಕೆಯ ಪರವಾಗಿ ತೀರ್ಮಾನ ಮಾಡಿದಂತೆ.

ಎರಡನ್ನೂ ಹೇಳಲಿಲ್ಲ. ಪೆನ್ನು ಮೇಜಿನ ಮೇಲಿಟ್ಟು, “ದುಭಾಷಿ ಒಂದು ಪ್ರಶ್ನೆ ಕೇಳಬೇಕಾಗಿದೆ” ಎಂದು ಸ್ವೀಡಿಷ್‌ನಲ್ಲಿ ಹೇಳಿದೆ. “ಅರ್ಜಿದಾರರು ಬಳಸಿದ ಕ್ರಿಯಾಪದಕ್ಕೆ ಇಲ್ಲಿ ಒಂದಕ್ಕಿಂತ ಹೆಚ್ಚು ಅರ್ಥ ಸಾಧ್ಯ. ಯಾವುದೆಂದು ಅವರನ್ನೇ ಕೇಳಲು ಅನುಮತಿ ಬೇಕು.”

“ಇದು ಇಂಟರ್‌ಫಿಯರೆನ್ಸ್” ಎಂದರು ತಂದೆ, ಈ ಸಲ ಇಂಗ್ಲಿಷಿನಲ್ಲಿ.

“ಕೇಳಿ” ಎಂದರು ಅಧಿಕಾರಿ.

ಪ್ರಶ್ನೆಯನ್ನು ಹೇಗೆ ಕೇಳುವುದು ಎಂಬುದೇ ಅಪಾಯ. ಕಾಲಾವಕಾಶವೇ ಎಂದು ಕೇಳಿದರೂ, ವಾಪಸ್ಸೇ ಎಂದು ಕೇಳಿದರೂ ಉತ್ತರವನ್ನು ಅವರ ಬಾಯಿಗೆ ಹಾಕಿದಂತೆ. “ಮೇಡಂ, ದುಭಾಷಿ ಕೇಳ್ತಿದ್ದಾರೆ. ಬಿಟ್ಟಬಿಡ್ತೇನ್ರಿ ಸದ್ಯಕ್ಕ ಅಂದ್ರಿ. ಏನನ್ನ ಬಿಡ್ತೀರಿ ಅನ್ನೋದು ದುಭಾಷಿಗೆ ತಿಳೀಲಿಲ್ಲ. ನಿಮ್ಮ ಮಾತಿನಲ್ಲೇ ಬಿಡಿಸಿ ಹೇಳಿ.” ಅದನ್ನೇ ಸ್ವೀಡಿಷ್‌ನಲ್ಲೂ ಹೇಳಿದೆ, ನಾನು ಏನು ಕೇಳಿದೆ ಎಂಬುದು ಎಲ್ಲರಿಗೂ ತಿಳಿಯಲೆಂದು.

ತಂದೆ ಏನೋ ಹೇಳಲು ಬಾಯಿ ತೆರೆದರು. ಅಧಿಕಾರಿ ಅಂಗೈ ತೋರಿಸಿ ತಡೆದರು. ತಾಯಿ ಕತ್ತಿನ ಐಡಿ ಕಾರ್ಡನ್ನು ಬಿಚ್ಚಿ ಕೈಯಲ್ಲಿ ಸುತ್ತುತ್ತಿದ್ದರು. ಕೊನೆಗೆ ಅಧಿಕಾರಿಯನ್ನು ನೋಡಿ ಮಾತಾಡಿದರು, ನನ್ನನ್ನಲ್ಲ.

“ಮನಿ ಈಗ ಮಾರಬ್ಯಾಡ್ರಿ. ಆಕಿ ಖೋಲಿ ಹೋಗೂದು ನನಗ ಬ್ಯಾಡ. ಅವ್ರಿಗೆ ಟೈಮ್ ಕೊಡ್ತೇನಿ, ನೀವು ಎಷ್ಟ ಕೊಡಬಹುದು ಅಂತೀರಿ ಅಷ್ಟ. ಆದ್ರ ಆ ಮನಿ ಮ್ಯಾಲಿನ ಹಕ್ಕ ತಗೀಬ್ಯಾಡ್ರಿ. ಅದು ನಂದಲ್ಲ, ಮಗಳದು. ಅದನ್ನ ಬಿಡಾಕ ನಾ ಯಾರು?”

ಅದನ್ನು ದಾಟಿಸಿದೆ. ಅಧಿಕಾರಿ ಟೈಪು ಮಾಡಿದರು, ಓದಿ ಹೇಳಿದರು, ನಾನು ಕನ್ನಡದಲ್ಲಿ ಮತ್ತೆ ಓದಿ ಹೇಳಿದೆ: ಮಾರಾಟಕ್ಕೆ ಬೇಸಿಗೆಯ ಒಂದು ದಿನಾಂಕದವರೆಗೆ ತಡೆ, ಜಪ್ತಿ ಮುಂದುವರಿಕೆ, ಅರ್ಜಿ ಹಾಗೆಯೇ. ತಾಯಿ “ಇದ ಐತಿ ನೋಡ್ರಿ” ಎಂದರು. ತಂದೆ ಜಾಕೆಟ್ಟು ಎತ್ತಿಕೊಂಡು ಎದ್ದರು.

ಹೊರಗೆ ಬಸ್ ಸ್ಟಾಪಿನಲ್ಲಿ ತಂದೆ ನನ್ನ ಹತ್ತಿರ ಬಂದರು. ಕೂಗಾಡಲಿಲ್ಲ. “ಅವಳು ಬಿಡ್ತೀನಿ ಅಂದಾಗಿತ್ತು ಮೇಡಂ. ನೀವು ಕೇಳಿದ್ದಕ್ಕೆ ಚೇಂಜ್ ಮಾಡಿದ್ಲು. ನಿಮಗೂ ಗೊತ್ತು ಅದು.”

ಕೆಲಸದ ಮಾತನ್ನು ಹೊರಗೆ ಆಡುವಂತಿಲ್ಲ, ಬಂದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಮಾತ್ರ ಉಳಿಯಿತು. ಆತ ಹೇಳಿದ್ದು ನಿಜವಿದ್ದರೆ? ಪ್ರಶ್ನೆ ಕೇಳಿ ನಾನು ಅರ್ಥ ತಿಳಿದುಕೊಂಡೆನೋ, ಅಥವಾ ಆಕೆಗೆ ಮನಸ್ಸು ಬದಲಿಸಲು ಸಮಯ ಕೊಟ್ಟೆನೋ?

ಮುಂದಿನ ವಾರ ಏಜೆನ್ಸಿಯಿಂದ ಫೋನು. ನನ್ನ ಮೇಲೆ ದೂರು ಬಂದಿತ್ತು: ಖಾಸಗಿ ಮಾತನ್ನು ಬಹಿರಂಗ ಮಾಡಿದ್ದು, ಸ್ಪಷ್ಟವಾಗಿದ್ದ ಹೇಳಿಕೆಯನ್ನು ಪ್ರಶ್ನಿಸಿ ಒಂದು ಪಕ್ಷಕ್ಕೆ ಅನುಕೂಲ ಮಾಡಿದ್ದು. ವಿವರಣೆ ಬರೆದುಕೊಡುವವರೆಗೆ ಕೆಲಸ ಇಲ್ಲ. ಮೊದಲ ಆಪಾದನೆಗೆ ಉತ್ತರ ಸುಲಭವಿತ್ತು. ಆರಂಭದ ನಿಯಮಗಳನ್ನು ಎಲ್ಲರ ಮುಂದೆ ಹೇಳಿದ್ದೆ. ಎರಡನೆಯದಕ್ಕೆ ಬರೆಯಲು ಕೂತಾಗ ಕೈ ಓಡಲಿಲ್ಲ. ‘ಬಿಡು’ ಎಂಬುದರ ಅರ್ಥಗಳನ್ನು ಸ್ವೀಡಿಷ್‌ನಲ್ಲಿ ಉದಾಹರಣೆ ಸಹಿತ ಬರೆದೆ. ‘ಸದ್ಯಕ್ಕ’ ಎಂಬುದು ಏಕೆ ಅನುಮಾನ ಹುಟ್ಟಿಸಿತು ಎಂದು ಬರೆದೆ. ಅವರು ಬೇರೆ ಪ್ರದೇಶದ ಕನ್ನಡ ಆಡುತ್ತಿದ್ದರು, ಆದ್ದರಿಂದ ನನ್ನ ಮೊದಲ ಗ್ರಹಿಕೆಯನ್ನು ನಂಬಲಿಲ್ಲ ಎಂದೂ ಬರೆದೆ. ಓದಿ ನೋಡಿದರೆ ಎಲ್ಲವೂ ಸರಿಯಿತ್ತು. ಆದರೂ ಬಸ್ಸಿನಲ್ಲಿ ಹುಟ್ಟಿದ ಆ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಯುಗಾದಿಯ ಕೂಟಕ್ಕೆ ಹೋದಾಗ ಒಬ್ಬರು ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಕೇಳಿದರು: “ನಮ್ಮವರ ಮನೆ ವಿಷಯ ಸ್ವೀಡಿಷರ ಮುಂದೆ ಹಾಕೋದು ಸರೀನಾ?” ಗೋಪ್ಯತೆಯ ನಿಯಮದ ಪ್ರಕಾರ ನಾನು ಅಂಥ ಕೆಲಸಕ್ಕೆ ಹೋಗಿದ್ದೆ ಎಂದೂ ಒಪ್ಪಿಕೊಳ್ಳುವಂತಿಲ್ಲ. “ಯಾವ ವಿಷಯ?” ಎಂದು ಕೇಳಿದೆ. ಅವರು ನಕ್ಕು ಬೇರೆ ಕಡೆ ಹೋದರು. ಆಮೇಲೆ ಕೆಲವರು ನನ್ನ ಜೊತೆ ಹವೆಯ ಮಾತು ಮಾತ್ರ ಆಡತೊಡಗಿದರು. ಈಗ ಇದನ್ನು ಬರೆಯುವಾಗಲೂ ಊರು, ಉದ್ಯೋಗ, ಗುರುತು ಹತ್ತುವ ಎಲ್ಲವನ್ನೂ ಬದಲಿಸಿದ್ದೇನೆ.

ದೂರಿನಲ್ಲಿ ಹುರುಳಿಲ್ಲ ಎಂದು ತೀರ್ಮಾನವಾಯಿತು. ಅಧಿಕಾರಿಯನ್ನೂ ಕೇಳಿದ್ದರಂತೆ, ದುಭಾಷಿ ಮಾಡಬೇಕಾದ್ದನ್ನೇ ಮಾಡಿದರು ಎಂದಿದ್ದರಂತೆ. ನನಗೆ ಸಮಾಧಾನವಾಗಬೇಕಿತ್ತು.

ಆ ತಿಂಗಳುಗಳಲ್ಲಿ ಇಂಥ ಜಪ್ತಿ ಎಷ್ಟು ಕಾಲ ಇರಬೇಕು ಎಂದು ನಾನೇ ಯೋಚಿಸಿದ್ದುಂಟು. ಕೆಲಸದ ಹೊತ್ತಿನಲ್ಲಿ ನನಗೆ ಅಭಿಪ್ರಾಯವಿರುವಂತಿಲ್ಲ, ಆದರೆ ಅಡುಗೆ ಮಾಡುವಾಗ ಯಾರೂ ತಡೆಯುವುದಿಲ್ಲ. ಹೀಗೆ ಎಷ್ಟು ದಿನ ಎಂದು ಆತ ಕೇಳಿದ್ದರಲ್ಲಿ ನ್ಯಾಯವಿತ್ತು. ಕೊನೆಯಿಲ್ಲದ ಗಂಟು ಮನುಷ್ಯನನ್ನು ದುಡಿಯದಂತೆ ಮಾಡಿಬಿಡಬಹುದು. ಬೂಟಿನ ಪ್ರಶ್ನೆಯಲ್ಲೂ ನ್ಯಾಯವಿತ್ತು. ಆಕೆ ಇಷ್ಟು ವರ್ಷ ಸುಮ್ಮನಿದ್ದದ್ದು ಅಗತ್ಯವಿಲ್ಲದ್ದಕ್ಕಲ್ಲ, ಕೇಳುವ ಬಾಗಿಲು ಯಾವುದೆಂದು ಗೊತ್ತಿಲ್ಲದ್ದಕ್ಕೆ ಇರಬೇಕು. ಗಡುವನ್ನು ಬರೆದವರ ಎದುರಿಗೆ, ಆ ಗಡುವಿನ ಭಾಷೆಯೇ ಬಾರದ ಇಂಥ ತಾಯಿ ಇದ್ದಿರಲಿಕ್ಕಿಲ್ಲ. ಮಗು ದೊಡ್ಡದಾಗುವವರೆಗಾದರೂ ಹಳೆಯ ತಿಂಗಳುಗಳು ಸಾಯಬಾರದು ಎಂದು ನನಗೆ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ನಾನು ತಿಳಿದವಳಲ್ಲ.

ಬೇಸಿಗೆಯಲ್ಲಿ ಅದೇ ಕಚೇರಿಯಿಂದ ಮತ್ತೆ ಕೆಲಸ ಬಂತು, ಈ ಸಲ ಫೋನಿನಲ್ಲಿ. ನನ್ನ ದುಭಾಷಿ ಸಂಖ್ಯೆ ಹೇಳಿ ನಿಯಮಗಳನ್ನು ಹೇಳುತ್ತಿದ್ದಂತೆ ಆ ಕಡೆಯ ಉಸಿರು ಒಂದು ಕ್ಷಣ ನಿಂತಿತು. ಅದೇ ತಾಯಿ, ಅವರಿಗೆ ನನ್ನ ದನಿ ಗುರುತಾಗಿತ್ತು. ನಾನು ನಿಯಮ ಮುಗಿಸಿದೆ.

ಅಧಿಕಾರಿ ಹೇಳಿದರು: ತಂದೆಗೆ ಮತ್ತೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ಬ್ಯಾಂಕು ಒಪ್ಪಿ ಬಾಕಿ ಪೂರ್ತಿ ನಮಗೆ ಕಟ್ಟಿದೆ. ಅದರಲ್ಲಿ ಐದು ವರ್ಷ ದಾಟಿದ ಕೆಲವು ತಿಂಗಳುಗಳೂ ಇವೆ. ಜಪ್ತಿ ಇದ್ದದ್ದರಿಂದ ಅವು ಸೇರಿವೆ. ಹಣ ಬಂದ ದಿನವೇ ಜಪ್ತಿ ತೆಗೆದಿದ್ದೇವೆ, ಫ್ಲ್ಯಾಟು ಅವರ ಬಳಿಯೇ ಉಳಿಯುತ್ತದೆ. ಇನ್ನು ಮುಂದಿನದು ಸಂಬಳದಿಂದಲೇ ಬರುತ್ತದೆ.

“ಖೋಲಿ ಐತಲ್ರಿ ಹಂಗಾರ” ಎಂದರು ತಾಯಿ.

ಇದೆ, ಎಂದರು ಅಧಿಕಾರಿ. ಬೇರೆ ಪ್ರಶ್ನೆ ಇದೆಯೇ ಎಂದು ಕೇಳಿದರು.

“ಪ್ರಶ್ನೆ ಇಲ್ರಿ. ಈ ಅನುವಾದ ಮಾಡೂ ಅಕ್ಕಾರಿಗೆ ಒಂದ ಮಾತು ಹೇಳೂದೈತಿ.”

ನಾನು ಸ್ವೀಡಿಷ್‌ನಲ್ಲಿ ಹೇಳಿದೆ: “ಪ್ರಶ್ನೆ ಇಲ್ಲ. ದುಭಾಷಿಗೆ ಒಂದು ಮಾತು ಹೇಳುವುದಿದೆ.” ಹೇಳಲಿ ಎಂದರು ಅಧಿಕಾರಿ.

“ಆವತ್ತ ಅವ್ರು ಮೆತ್ತಗ ಅಂದದ್ದನ್ನ ನೀವು ಗಟ್ಟಿಯಾಗಿ ಹೇಳಿಬಿಟ್ರಿ. ನನಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದಿತ್ತು. ಮನಿ ಮಾತು ಮಂದಿ ಮುಂದ ಹಾಕಿದ್ರು ಅಂತ.”

“ಆ ದಿನ ಅವರು ಮೆತ್ತಗೆ ಹೇಳಿದ್ದನ್ನು ನೀವು ಗಟ್ಟಿಯಾಗಿ ಹೇಳಿದಿರಿ” ಎಂದು ಸ್ವೀಡಿಷ್‌ನಲ್ಲಿ ಶುರುಮಾಡಿದೆ. ನನ್ನ ಮೇಲಿನ ಸಿಟ್ಟನ್ನು ನಾನೇ ‘ನಾನು’ ಎಂದು ಹೇಳಿ ಮುಗಿಸಿದೆ.

“ಆಮ್ಯಾಲ ಏನ್ ಬಿಡ್ತೀರಿ ಅಂತ ಕೇಳಿದ್ರಲ್ಲ. ಖರೇ ಹೇಳ್ತೇನಿ, ಬಿಡ್ತೇನ್ರಿ ಅಂದಾಗ ನಾ ಏನ್ ಬಿಡಾಕತ್ತೇನಿ ಅಂತ ನನಗೂ ಗೊತ್ತಿದ್ದಿಲ್ಲ. ನೀವು ಕೇಳಿದ ಮ್ಯಾಲ ಗೊತ್ತಾತು.”

ಇದನ್ನು ಹೇಳುವಾಗ ನನ್ನ ದನಿ ಒಮ್ಮೆ ತಡೆಯಿತು. ಕ್ಷಮೆ ಕೇಳಿ, ವಾಕ್ಯವನ್ನು ಮೊದಲಿನಿಂದ ಹೇಳಿದೆ.

ಅಧಿಕಾರಿ ಕೇಳಿದರು: “ಇದನ್ನು ದಾಖಲೆಗೆ ಸೇರಿಸಬೇಕೇ?”

“ಬ್ಯಾಡ್ರಿ” ಎಂದರು ತಾಯಿ. “ಸುಮ್ನ ಹೇಳಿದೆ.”

ಅದನ್ನೂ ಅನುವಾದಿಸಿದೆ.